ಅಜ್ಜಿ ಶಿರಸಿ ತಲುಪಿದಳೇ?

ಪ್ರಶ್ನೆ: ನಮಸ್ಕಾರ. ನಾನು ಉತ್ತರಾಖಂಡದ ಗುಡ್ಡಗಾಡಿನ ಊರಿನವಳು. ಗಂಡನ ಕೆಲಸದಿಂದಾಗಿ ಮೂರು ವರ್ಷದಿಂದ ಕಾರವಾರದಲ್ಲಿದ್ದೇನೆ. ಒಂದು ವರ್ಷದಿಂದ ಸಂಜೆ ಕನ್ನಡ ತರಗತಿಗೆ ಹೋಗುತ್ತಿದ್ದೇನೆ. ಪೇಪರ್ ಓದಲು ಬರುತ್ತದೆ, ಅಂಗಡಿಯಲ್ಲಿ ಬಸ್ಸಿನಲ್ಲಿ ಮಾತಾಡಲು ಬರುತ್ತದೆ. ಹೋದ ತಿಂಗಳು ತರಗತಿಯಲ್ಲಿ ಒಂದು ನಗೆಕತೆ ಕೊಟ್ಟು, ಐದು ಸಾಲಿನಲ್ಲಿ ಪ್ರತಿಕ್ರಿಯೆ ಬರೆಯಲು ಹೇಳಿದರು. ಘಟ್ಟದಲ್ಲಿ ಹುಚ್ಚಾಪಟ್ಟೆ ಟೆಂಪೋ ಓಡಿಸುವ ಡ್ರೈವರ್ ಕತೆ ಅದು. ನನಗೆ ಪ್ರತಿ ಪದ ಗೊತ್ತಿತ್ತು, ಆದರೆ ನಗು ಬರಲಿಲ್ಲ. ನಾನು ಬರೆದಿದ್ದನ್ನು ಓದಿದಾಗ ಇಡೀ ತರಗತಿ ನಕ್ಕಿತು. ಕತೆಗಲ್ಲ, ನನ್ನ ಉತ್ತರಕ್ಕೆ. ಕೆಳಗೆ ‘ವ್ಯಾಕರಣ ಸರಿ ಇದೆ, ಹಾಸ್ಯ ಅರ್ಥವಾಗಿಲ್ಲ’ ಎಂದು ಬರೆದುಕೊಟ್ಟರು. ನಾನು ಹನ್ನೆರಡು ವರ್ಷದವಳಿದ್ದಾಗ ನನ್ನ ಮಾವ (ತಾಯಿಯ ತಮ್ಮ) ಇದ್ದ ಜೀಪು ಕಣಿವೆಗೆ ಬಿತ್ತು, ಅವರು ಉಳಿಯಲಿಲ್ಲ. ಅದನ್ನು ನಾನು ಯಾರಿಗೂ ಹೇಳಿಲ್ಲ. ನನ್ನ ಕನ್ನಡ ಇನ್ನೂ ಕಚ್ಚಾ ಇದೆಯಾ? ನಗು ಬರದಿದ್ದರೂ ನಗಬೇಕಾ? ನನ್ನ ಗಂಡ ಕಾಮಿಡಿ ಸಿನಿಮಾ ನೋಡು, ಸರಿಹೋಗುತ್ತದೆ ಅನ್ನುತ್ತಾರೆ. ಕತೆ ಮತ್ತು ನನ್ನ ಐದು ಸಾಲು ಜೊತೆಗಿಟ್ಟಿದ್ದೇನೆ. (ಹೆಸರು ಬೇಡ ಎಂದಿದ್ದಾರೆ, ಕಾರವಾರ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಾಗುಣಿತದ ಒಂದೆರಡು ತಪ್ಪು ಬಿಟ್ಟರೆ ನಾನು ಏನನ್ನೂ ತಿದ್ದಿಲ್ಲ. ಇಷ್ಟು ಕನ್ನಡ ಬರೆಯುವವರ ಭಾಷೆಗೆ ಕಚ್ಚಾ ಅನ್ನೋ ಮಾತು ಹೊಂದೋದಿಲ್ಲ. ಹೊರಗಿನಿಂದ ಬಂದವರಿಗೆ ಕನ್ನಡ ಕಲಿಸುವ ಕೆಲಸವನ್ನು ನಾನು ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದೇನೆ. ಕೈಗಾ ಅಣುಸ್ಥಾವರದಲ್ಲಿ ಕೆಲಸ ಮಾಡುವವರು, ನೌಕಾನೆಲೆಯವರು, ಬ್ಯಾಂಕಿನವರು, ಅವರ ಮನೆಯವರು ನನ್ನ ಹತ್ತಿರ ಕಲಿತಿದ್ದಾರೆ. ನೀವು ಕೇಳಿದ್ದನ್ನು ಬಾಯಿಬಿಟ್ಟು ಕೇಳಿದವರು ಕಡಿಮೆ. ಮನಸ್ಸಲ್ಲಿ ಇಟ್ಟುಕೊಂಡು ತರಗತಿ ಬಿಟ್ಟವರು ಜಾಸ್ತಿ.

ಮೊದಲು ಕತೆ ಏನು ಅಂತ ಉಳಿದವರಿಗೂ ಗೊತ್ತಾಗಲಿ. ನೀವು ಕಳಿಸಿದ್ದು ಇಷ್ಟು:

‘ಕುಮಟಾದಿಂದ ಶಿರಸಿಗೆ ಒಂದು ಟೆಂಪೋ ಹೊರಟಿತ್ತು. ಡ್ರೈವರ್ ಪುಣ್ಯಾತ್ಮ ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದು ಕೈಯಲ್ಲಿ ಕವಳದ (ಎಲೆ ಅಡಿಕೆಯ) ಸಂಚಿ ಹಿಡಿದು ದೇವಿಮನೆ ಘಟ್ಟದಲ್ಲಿ ಗಾಡಿ ಹೊಡೆದನಂತೆ. ತಿರುವಿನಲ್ಲಿ ಬ್ರೇಕು ಗೀಕು ಏನೂ ಇಲ್ಲ, ಬರೀ ಹಾರ್ನು. ಒಳಗಿದ್ದವರಿಗೆ ಜೀವ ಬಾಯಿಗೆ ಬಂದು, ಒಬ್ಬೊಬ್ಬರಿಗೂ ಅವರವರ ಮನೆದೇವರು ನೆನಪಾದರಂತೆ. ಮುಂದಿನ ಸೀಟಿನ ಅಜ್ಜಿ ಮಾತ್ರ ಸಮಾಧಾನದಲ್ಲಿ ಹೇಳಿದಳಂತೆ: “ತಮಾ, ನಂಗೆ ಘಟ್ಟದ ಮೇಲೆ ಹೋಗ್ಬೇಕಾಗಿತ್ತು. ನೀ ಸೀದಾ ಮೇಲೇ ಕಳಿಸ್ತೀಯಲ್ಲೋ!” ಡ್ರೈವರ್ ಕವಳ ಉಗುಳಿ, “ಹೆದರಬೇಡಿ ಅಮ್ಮಾ, ವಾಪಸ್ ಕರ್ಕೊಂಡು ಬರೋಕೂ ನಮ್ದೇ ಗಾಡಿ” ಅಂದನಂತೆ.’

ಇದಕ್ಕೆ ನೀವು ಬರೆದ ಐದು ಸಾಲು:

‘ಈ ಚಾಲಕನು ಬಹಳ ಅಪಾಯವಾಗಿ ವಾಹನವನ್ನು ಚಲಾಯಿಸುತ್ತಾನೆ. ಅಜ್ಜಿಯು ಹೆದರಿದಳು. ಪ್ರಯಾಣಿಕರು ಪೊಲೀಸರಿಗೆ ತಿಳಿಸಬೇಕು. ಚಾಲಕನ ಲೈಸೆನ್ಸನ್ನು ರದ್ದು ಮಾಡಬೇಕು. ಅಜ್ಜಿಯು ಶಿರಸಿಗೆ ತಲುಪಿದಳೇ ಎಂದು ಕತೆಯಲ್ಲಿ ಹೇಳಿಲ್ಲ.’

ಆ ಐದನೇ ಸಾಲಿನ ಹತ್ತಿರ ನಾನು ಸ್ವಲ್ಪ ಹೊತ್ತು ನಿಂತೆ. ಈ ಥರದ ಕತೆಗಳನ್ನು ನಾನು ಎಷ್ಟೋ ಸಲ ಕೇಳಿದ್ದೇನೆ, ಹೇಳಿದ್ದೇನೆ. ಅಜ್ಜಿ ತಲುಪಿದಳಾ ಅಂತ ನಾನು ಯಾವತ್ತೂ ಕೇಳಿರಲಿಲ್ಲ.

ನಿಮ್ಮ ಚಿಂತೆಯಲ್ಲಿ ಎರಡು ಬೇರೆ ಬೇರೆ ವಿಷಯ ಒಂದಕ್ಕೊಂದು ಸಿಕ್ಕುಹಾಕಿಕೊಂಡಿವೆ. ಕತೆಯ ಹಾಸ್ಯ ಎಲ್ಲಿದೆ ಅಂತ ತಿಳಿಯುವುದು ಒಂದು. ಅದಕ್ಕೆ ನಗುವುದು ಇನ್ನೊಂದು. ಭಾಷೆ ಕಲಿಸುವವರು ನಿಮ್ಮಿಂದ ಮೊದಲನೆಯದನ್ನು ಕೇಳಬಹುದು. ಎರಡನೆಯದನ್ನು ಕೇಳುವ ಹಕ್ಕು ಯಾರಿಗೂ ಇಲ್ಲ. ‘ಹಾಸ್ಯ ಅರ್ಥವಾಗಿಲ್ಲ’ ಅಂತ ಬರೆದವರು ಈ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ. ನಾನೂ ಶುರುವಿನ ವರ್ಷಗಳಲ್ಲಿ ಹಾಗೇ ಅಂದುಕೊಂಡಿದ್ದೆ. ನಗದೆ ಕೂತವರಿಗೆ ಕತೆಯನ್ನು ಮತ್ತೊಮ್ಮೆ ಬಿಡಿಸಿ ಹೇಳುತ್ತಿದ್ದೆ. ಅವರಿಗೆ ಅದು ಮೊದಲೇ ತಿಳಿದಿತ್ತು, ನಗು ಬಂದಿರಲಿಲ್ಲ ಅಷ್ಟೇ.

ಹಾಗಂತ ನಿಮಗೆ ಕತೆ ಪೂರ್ತಿ ಸಿಕ್ಕಿದೆ ಅಂತ ನಾನು ಹೇಳೋದಿಲ್ಲ. ಒಂದು ಕಡೆ ತಪ್ಪಿದೆ. ‘ಅಜ್ಜಿಯು ಹೆದರಿದಳು’ ಅಂತ ಬರೆದಿದ್ದೀರಿ. ಕತೆಯಲ್ಲಿ ಹೆದರಿದವರು ಉಳಿದವರೆಲ್ಲ. ಅಜ್ಜಿ ‘ಸಮಾಧಾನದಲ್ಲಿ’ ಮಾತಾಡುತ್ತಾಳೆ. ಆ ಒಂದು ಪದ ಜಾರಿಹೋದರೆ ಕತೆಯ ಕೀಲೇ ಕಳಚಿದಂತೆ. ಅದು ಯಾಕೆ ಜಾರಿತು ಅಂತ ನೋಡೋಣ, ಯಾಕಂದರೆ ಕಾರಣ ನಿಮ್ಮ ಬುದ್ಧಿಯಲ್ಲಿ ಇಲ್ಲ.

ನಿಮ್ಮ ನೋಟ್‌ಬುಕ್ಕಿನಲ್ಲಿ ‘ಮೇಲೆ’ ಅನ್ನೋ ಪದದ ಮುಂದೆ ಏನು ಬರೆದುಕೊಂಡಿದ್ದೀರಿ? ‘ಮೇಜಿನ ಮೇಲೆ ಪುಸ್ತಕ ಇದೆ’ ಅಂತ ಇರಬೇಕು. ಎಲ್ಲ ಪಾಠಗಳಲ್ಲೂ ಹಾಗೇ ಶುರು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಆ ಪದಕ್ಕೆ ಇನ್ನೊಂದು ಬಾಳು ಇದೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದವರಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಅಂದರೆ ‘ಘಟ್ಟದ ಮೇಲೆ’. ಅಲ್ಲಿಯವರಿಗೆ ನಾವು ‘ಘಟ್ಟದ ಕೆಳಗಿನವರು’. ಹೆಣ್ಣು ಕೊಡುವಾಗ, ಅಡಿಕೆ ದರ ಹೇಳುವಾಗ, ಮಳೆ ಸುದ್ದಿ ಕೇಳುವಾಗ ಇದೇ ಮಾತು. ‘ಮಗಳನ್ನ ಘಟ್ಟದ ಮೇಲೆ ಕೊಟ್ಟಿದ್ದೇವೆ’ ಅಂದರೆ ಇಲ್ಲಿ ಯಾರೂ ಗುಡ್ಡದ ತುದಿ ನೆನೆಸಿಕೊಳ್ಳೋದಿಲ್ಲ. ಅದು ಊರಿನ ಗುರುತು. ಇದು ಮೊದಲನೆಯ ಮೇಲೆ.

ಎರಡನೆಯದು ಎಲ್ಲ ಕನ್ನಡಿಗರದ್ದು. ‘ಮೇಲೆ ಹೋದ’ ಅಂದರೆ ಸತ್ತ. ‘ಮೇಲೆ ಕಳಿಸಿಬಿಟ್ಟ’ ಅಂದರೆ ಕೊಂದ. ಅಜ್ಜಿ ಒಂದೇ ಉಸಿರಲ್ಲಿ ಎರಡೂ ಮೇಲೆಗಳನ್ನು ಪಕ್ಕಪಕ್ಕ ಕೂರಿಸಿದಳು. ‘ಘಟ್ಟದ ಮೇಲೆ’ ಅನ್ನುವಾಗ ಲೆ, ‘ಸೀದಾ ಮೇಲೇ’ ಅನ್ನುವಾಗ ಲೇ. ಅಚ್ಚಿನಲ್ಲಿ ನೋಡಿದರೆ ಅಷ್ಟೇ ವ್ಯತ್ಯಾಸ, ಒಂದು ದೀರ್ಘ. ಬೆರಳಿನ ಉಗುರಿನಷ್ಟೂ ಜಾಗ ತಗೊಳ್ಳದ ಆ ಗುರುತಿನ ಮೇಲೆ ಇಡೀ ಕತೆ ನಿಂತಿದೆ. ಇದನ್ನು ಬಾಯಲ್ಲಿ ಹೇಳುವವರು ಹೇಗೆ ಹೇಳುತ್ತಾರೆ ಗೊತ್ತಾ? ‘ಮೇ...ಲೇ’ ಅಂತ ಎಳೆದು, ತೋರುಬೆರಳು ಎತ್ತಿ, ಹುಬ್ಬನ್ನೂ ಆಕಾಶದ ಕಡೆ ಏರಿಸುತ್ತಾರೆ. ನಿಮ್ಮ ಕೈಗೆ ಬಂದ ಹಾಳೆಯಲ್ಲಿ ಆ ಬೆರಳು ಇರಲಿಲ್ಲ.

ಈಗ ಒಂದು ಕ್ಷಣ ಹಿಂದಿಗೆ ಹೋಗಿ. ‘ಊಪರ್ ಪಹುಂಚಾ ದೇಗಾ’ ಅಂದರೆ ನಿಮಗೆ ಏನು ಕೇಳಿಸುತ್ತದೆ? ಅದೇ ಅರ್ಥ, ಅದೇ ಆಟ. ನಿಮ್ಮ ಊರಲ್ಲೂ ಗುಡ್ಡದ ಮೇಲಿನವರು, ಕೆಳಗಿನವರು ಇದ್ದಾರೆ. ಅಂದರೆ ಈ ನಗೆಮಾತು ನಿಮ್ಮ ಭಾಷೆಯಲ್ಲಿ ನಿಮಗೆ ಹುಟ್ಟಿನಿಂದಲೇ ಗೊತ್ತಿರುವಂಥದ್ದು. ಕನ್ನಡದ ‘ಮೇಲೆ’ ಮಾತ್ರ ನಿಮ್ಮ ಮನಸ್ಸಿನಲ್ಲಿ ಇನ್ನೂ ಮೇಜಿನ ಮೇಲೇ ಕೂತಿದೆ. ಕನ್ನಡದ ಹಾಸ್ಯ ಬೇರೆಯದೇ ಲೋಕ, ಹೊರಗಿನವರಿಗೆ ಅದು ದಕ್ಕೋದಿಲ್ಲ ಅನ್ನೋ ಮಾತನ್ನು ಯಾರಾದರೂ ಹೇಳಿದರೆ ನಂಬಬೇಡಿ.

ಹುಟ್ಟಿದಾಗಿನಿಂದ ಕನ್ನಡ ಮಾತಾಡುವವರಿಗೂ ಎಲ್ಲ ಕನ್ನಡದ ನಗು ಸಿಗುತ್ತದೆ ಅನ್ನೋದೂ ಸುಳ್ಳೇ. ಧಾರವಾಡದ ಕಡೆಯ ಮಾತಿನ ಚಾಟಿ ನನಗೆ ಎಷ್ಟೋ ಸಲ ಅರ್ಧ ದಾರಿಯಲ್ಲೇ ಬಿಟ್ಟುಹೋಗುತ್ತದೆ. ಕೋಲಾರದಲ್ಲಿ ಈ ಅಜ್ಜಿ ಕತೆ ಹೇಳಿ ನೋಡಿ. ಸಾವಿನ ಮೇಲೆ ಅವರಿಗೂ ಸಿಗುತ್ತದೆ, ನಮ್ಮ ಘಟ್ಟದ ಮೇಲೆ ಸಿಗೋದಿಲ್ಲ.

ಕತೆಯ ಇನ್ನೊಂದೆರಡು ಪದ ನೋಡೋಣ. ‘ಪುಣ್ಯಾತ್ಮ’ ಅಂದರೆ ನಿಘಂಟಿನಲ್ಲಿ ಪುಣ್ಯವಂತ, ಒಳ್ಳೆಯವನು. ಮಾತಿನಲ್ಲಿ ಅದು ತುಂಬಾ ಸಲ ಉಲ್ಟಾ. ತೊಂದರೆ ಕೊಟ್ಟವನನ್ನು ಬೈಯದೆ ಬೈಯುವ ದಾರಿ ಅದು. ‘ಆ ಪುಣ್ಯಾತ್ಮ ನಿನ್ನೆ ಬರ್ತೀನಿ ಅಂದವನು ಇವತ್ತೂ ಬಂದಿಲ್ಲ’ ಅಂತ ನಾವು ದಿನಾ ಹೇಳುತ್ತೇವೆ. ಹೇಳುವವರಿಗೆ ಡ್ರೈವರ್ ಬಗ್ಗೆ ಮೆಚ್ಚುಗೆ ಇಲ್ಲ ಅನ್ನೋದು ಆ ಪದದಲ್ಲೇ ಇದೆ. ಇದು ನಿಮಗೆ ಮುಖ್ಯ ಅಂತ ನನಗನ್ನಿಸುತ್ತದೆ, ಯಾಕಂದರೆ ಕತೆ ಡ್ರೈವರನ ಪರ ನಿಂತಿದೆ ಅಂತ ನೀವು ಓದಿಕೊಂಡಿರಬೇಕು. ನಿಂತಿಲ್ಲ. ಕತೆ ನಿಂತಿರೋದು ಅಜ್ಜಿಯ ಪಕ್ಕದಲ್ಲಿ. ಬೈದರೆ ಆ ಡ್ರೈವರ್ ಇನ್ನೂ ಜೋರಾಗಿ ಓಡಿಸಿಯಾನು ಅಂತ ಅಜ್ಜಿಗೆ ಗೊತ್ತು. ಅದಕ್ಕೇ ಅವಳು ‘ನೀನು ನನ್ನನ್ನ ಕೊಲ್ತಾ ಇದ್ದೀಯ’ ಅನ್ನೋ ಮಾತನ್ನು ‘ತಮಾ’ ಅಂತ ಕರೆದು, ನಯವಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ನೀವು ಬರೆದ ‘ಪೊಲೀಸರಿಗೆ ತಿಳಿಸಬೇಕು’ ಮತ್ತು ಅಜ್ಜಿ ಹೇಳಿದ ಮಾತು, ಎರಡರ ಸಿಟ್ಟೂ ಒಂದೇ.

‘ಹೊಡೆ’ ಅನ್ನೋ ಕ್ರಿಯಾಪದವನ್ನು ಬಿಟ್ಟು ಮುಂದೆ ಹೋಗೋಕೆ ನನಗೆ ಮನಸ್ಸಿಲ್ಲ. ತುಂಬಾ ವರ್ಷದ ಹಿಂದೆ ಬಂಗಾಳದಿಂದ ಬಂದ ಒಬ್ಬ ಎಂಜಿನಿಯರು ನನ್ನ ತರಗತಿಯಲ್ಲಿದ್ದರು. ‘ಡ್ರೈವರ್ ಬಸ್ ಹೊಡೆದ’ ಅನ್ನೋ ಸಾಲಿನ ಪಕ್ಕ ಅವರು ಪೆನ್ಸಿಲ್ಲಿನಲ್ಲಿ ಒಂದು ಚಿತ್ರ ಬರೆದಿದ್ದರು. ಖಾಕಿ ಅಂಗಿಯ ಮನುಷ್ಯ, ಕೈಯಲ್ಲಿ ಕೋಲು, ಮುಂದೆ ಕಣ್ಣೀರು ಹಾಕುವ ಬಸ್ಸು. ಪಾಪ, ಅವರು ಓದಿದ್ದು ಸರಿಯೇ ಇತ್ತು. ಪಾಠದಲ್ಲಿ ಹೊಡೆ ಅಂದರೆ ಪೆಟ್ಟು ಕೊಡು ಅಂತ ಮಾತ್ರ ಹೇಳಿದ್ದವನು ನಾನು. ರಸ್ತೆಗೆ ಬಂದರೆ ಆ ಪದ ನೂರು ಕೆಲಸ ಮಾಡುತ್ತದೆ. ಗಾಡಿ ಹೊಡೆ, ಬ್ರೇಕ್ ಹೊಡೆ, ಹಾರ್ನ್ ಹೊಡೆ, ಕಟ್ ಹೊಡೆ, ಡಿಕ್ಕಿ ಹೊಡೆ. ಪಕ್ಕದ ಸೀಟಿನವನು ನಿದ್ದೆ ಹೊಡೆಯುತ್ತಾನೆ, ಹಿಂದಿನ ಸೀಟಿನವರು ಹರಟೆ ಹೊಡೆಯುತ್ತಾರೆ. ‘ಗಾಡಿ ಓಡಿಸಿದ’ ಅನ್ನೋದಕ್ಕೂ ‘ಗಾಡಿ ಹೊಡೆದ’ ಅನ್ನೋದಕ್ಕೂ ಬಿಸಿ ಬೇರೆ. ಎರಡನೆಯದರಲ್ಲಿ ಎತ್ತಿನ ಗಾಡಿಯ ಬಾರುಕೋಲು ಇನ್ನೂ ಇದೆ.

‘ಬ್ರೇಕು ಗೀಕು’ ನಿಮಗೆ ಗೊತ್ತಿದೆ, ಹಿಂದಿಯ ಚಾಯ್-ವಾಯ್ ಇದ್ದ ಹಾಗೆ. ನಮ್ಮಲ್ಲಿ ಎರಡನೆಯ ಪದ ಸಾಮಾನ್ಯವಾಗಿ ಗಿ ಅಥವಾ ಗೀಯಿಂದ ಶುರು.

ಇನ್ನು ‘ಅಂತೆ’. ಹೊಡೆದನಂತೆ, ನೆನಪಾದರಂತೆ, ಅಂದನಂತೆ. ಯಾರೋ ಹೇಳಿದ್ದನ್ನು ದಾಟಿಸಲು ‘ಅಂತೆ’ ಬಳಸುತ್ತಾರೆ ಅಂತ ಪಾಠದಲ್ಲಿ ಕಲಿತಿದ್ದೀರಿ. ಅದು ಸರಿ. ಕತೆಯಲ್ಲಿ ಅದಕ್ಕೆ ಇನ್ನೊಂದು ಕೆಲಸ ಉಂಟು. ‘ಇದು ನಡೆದಿದ್ದು ಅಂತ ನಾನು ಆಣೆ ಮಾಡೋದಿಲ್ಲ, ಕೇಳಿ ಖುಷಿಪಡಿ’ ಅಂತ ಹೇಳುವವರು ಕೇಳುವವರ ಜೊತೆ ಮಾಡಿಕೊಳ್ಳುವ ಒಪ್ಪಂದ ಅದು. ಸಾಲು ಸಾಲಿಗೂ ‘ಅಂತೆ’ ಬಂದರೆ ನಮ್ಮ ಕಿವಿ ತಾನಾಗಿ ಸಡಿಲವಾಗುತ್ತದೆ. ಅಲ್ಲಿ ಯಾರಿಗೂ ನಿಜವಾಗಿ ಪೆಟ್ಟಾಗೋದಿಲ್ಲ ಅಂತ ಮೊದಲೇ ಗೊತ್ತು. ಇದೇ ಕತೆಯನ್ನು ಅಂತೆ ತೆಗೆದು ಓದಿ ನೋಡಿ. ‘ಡ್ರೈವರ್ ಒಂದು ಕೈಯಲ್ಲಿ ಗಾಡಿ ಹೊಡೆದ. ತಿರುವಿನಲ್ಲಿ ಬ್ರೇಕ್ ಹಾಕಲಿಲ್ಲ.’ ತಕ್ಷಣ ಅದು ಪೇಪರಿನ ಸುದ್ದಿ. ನೀವು ಓದಿದ್ದು ಈ ಕತೆಯನ್ನು, ಅಂತೆ ಇಲ್ಲದೆ. ನಿಮ್ಮ ಮನಸ್ಸಿನಲ್ಲಿ ಇನ್ನೊಂದು ಘಟ್ಟ, ಇನ್ನೊಂದು ಜೀಪು ಇದ್ದಾಗ ‘ಅಂತೆ’ ಕೇಳಿಸೋದು ಕಷ್ಟ. ‘ಸಮಾಧಾನದಲ್ಲಿ’ ಅನ್ನೋ ಪದ ನಿಮ್ಮ ಕಣ್ಣಿಗೆ ಬೀಳದೆ ಹೋದದ್ದೂ ಅದಕ್ಕೇ ಇರಬೇಕು.

ನಿಮ್ಮ ಮಾವನ ವಿಷಯ ನೀವು ಪತ್ರದ ಕೊನೆಗೆ ಎರಡೇ ಸಾಲಿನಲ್ಲಿ ಬರೆದಿದ್ದೀರಿ. ನನಗೆ ಇಡೀ ಪತ್ರದಲ್ಲಿ ಅದೇ ದೊಡ್ಡದು. ಈ ಜಿಲ್ಲೆಯಲ್ಲೂ ರಸ್ತೆ ಅಂದರೆ ಎಲ್ಲರಿಗೂ ನಗು ಬರುವುದಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿಯಿತು. ಮೂರು ವಾರ ಕಳೆದು ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೇ ಸೇತುವೆ ಮುರಿದು ಲಾರಿಯೊಂದು ನೀರಿಗೆ ಬಿತ್ತು. ಅದರ ಚಾಲಕ ಬದುಕಿದರು. ನೀವು ಆಗ ಕಾರವಾರದಲ್ಲೇ ಇದ್ದಿರಬೇಕು. 2025ರ ಜನವರಿಯಲ್ಲಿ ಯಲ್ಲಾಪುರದ ಹತ್ತಿರ ಹಣ್ಣು, ತರಕಾರಿ ವ್ಯಾಪಾರಿಗಳಿದ್ದ ಲಾರಿ ಕಂದಕಕ್ಕೆ ಉರುಳಿ ಹಲವರು ಜೀವ ಕಳೆದುಕೊಂಡರು. ಆ ವಾರ ನಾನು ತರಗತಿಯಲ್ಲಿ ಘಟ್ಟದ ಕತೆ ತೆಗೆಯಲಿಲ್ಲ. ಯಾರ ಮನೆಯಲ್ಲಿ ಏನಾಗಿದೆ ಅಂತ ಕಲಿಸುವವರಿಗೆ ಗೊತ್ತಿರೋದಿಲ್ಲ. ಗೊತ್ತಿಲ್ಲದಿದ್ದಾಗ ‘ಹಾಸ್ಯ ಅರ್ಥವಾಗಿಲ್ಲ’ ಅಂತ ತೀರ್ಪು ಬರೆಯುವ ಬದಲು ‘ನಗು ಬರಲಿಲ್ವಾ? ಯಾಕೆ?’ ಅಂತ ಕೇಳಬಹುದಿತ್ತು.

ಅಂದಹಾಗೆ, ನೀವು ಬರೆದ ಪರಿಹಾರ ಕಾನೂನಿನ ದಾರಿಯಲ್ಲೇ ಇದೆ. ಅಪಾಯಕಾರಿ ಚಾಲನೆಗೆ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಇದೆ. 2019ರ ತಿದ್ದುಪಡಿ ಆದ ಮೇಲೆ ಮೊದಲ ಸಲಕ್ಕೇ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಅಥವಾ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಹಾಗಿದ್ದರೆ ತರಗತಿ ನಕ್ಕಿದ್ದು ಯಾಕೆ? ಇದಕ್ಕೆ ನನ್ನ ಹತ್ತಿರ ಖಚಿತವಾದ ಉತ್ತರ ಇದೆ, ಯಾಕಂದರೆ ಇದು ಪ್ರತಿ ವರ್ಷ ನೋಡುವಂಥದ್ದು. ನಿಮ್ಮ ಭಾಷೆ ಪಾಠಪುಸ್ತಕದ್ದು. ‘ಚಾಲಕನು’, ‘ಅಜ್ಜಿಯು’, ‘ವಾಹನವನ್ನು ಚಲಾಯಿಸುತ್ತಾನೆ’. ಇವೆಲ್ಲ ಸರಿಯಾದ ಕನ್ನಡ. ಆದರೆ ಇದು ಪೊಲೀಸ್ ಠಾಣೆಯ ದೂರಿನಲ್ಲಿ, ಕಚೇರಿಯ ಪತ್ರದಲ್ಲಿ ಬರುವ ಕನ್ನಡ. ಅಜ್ಜಿ ‘ತಮಾ’ ಅಂತ ಮಾತಾಡಿದ ತಕ್ಷಣ ‘ಚಾಲಕನು’ ಅಂತ ಶುರುವಾದರೆ, ಎರಡು ಬೇರೆ ಬೇರೆ ಕನ್ನಡಗಳು ಎದುರಾ ಬದುರಾ ನಿಂತು ಕೇಳುವವರಿಗೆ ನಗು ಬರುತ್ತದೆ. ಅವರು ನಕ್ಕಿದ್ದು ಆ ಎರಡರ ಡಿಕ್ಕಿಗೆ. ನೋವು ನಿಮಗಾಯಿತು, ಅದು ನಿಜ.

ಅದೇ ಮಾತನ್ನು ಹೀಗೆ ಬರೆದಿದ್ದರೆ? ‘ಇಂಥ ಡ್ರೈವರ್‌ಗಳನ್ನ ನಮ್ಮೂರಲ್ಲೂ ನೋಡಿದ್ದೇನೆ. ಅಜ್ಜಿ ಗಟ್ಟಿ ಹೆಂಗಸು. ನಾನಾಗಿದ್ರೆ ಮೊದಲನೇ ತಿರುವಲ್ಲೇ ಇಳಿದುಬಿಡ್ತಿದ್ದೆ. ಅಲ್ಲ, ಅಜ್ಜಿ ಶಿರಸಿ ತಲುಪಿದಳಾ ಇಲ್ವಾ?’ ನಿಮ್ಮ ಅನಿಸಿಕೆ ಒಂದು ಎಳೆಯೂ ಬದಲಾಗಿಲ್ಲ. ನಿಮ್ಮ ಕಡೇ ಸಾಲು ಹಾಗೇ ಇದೆ. ಜನ ಇದಕ್ಕೂ ನಗುತ್ತಾರೆ, ನಿಮ್ಮ ಜೊತೆ ಸೇರಿ ನಗುತ್ತಾರೆ.

ನಿಮಗೆ ಈ ಆಡುಮಾತು ಇನ್ನೂ ಬಾರದೆ ಇರೋದಕ್ಕೆ ಕಾರವಾರವೂ ಒಂದು ಕಾರಣ. ಇಲ್ಲಿ ಪೇಟೆಯಲ್ಲಿ, ಮೀನು ಮಾರ್ಕೆಟ್ಟಿನಲ್ಲಿ ಜನ ತಮಾಷೆ ಮಾಡೋದು ಹೆಚ್ಚಾಗಿ ಕೊಂಕಣಿಯಲ್ಲಿ. ನಿಮ್ಮ ಮುಖ ನೋಡಿದ ಕೂಡಲೇ ಹಿಂದಿಗೋ, ನಿಧಾನದ ಸ್ವಚ್ಛ ಕನ್ನಡಕ್ಕೋ ಬದಲಾಯಿಸುತ್ತಾರೆ. ಅದು ಅವರ ಒಳ್ಳೆಯತನ. ಆದರೆ ಕಲಿಯುವವರ ಎದುರು ಯಾರೂ ನಗೆಮಾತು ಆಡೋದಿಲ್ಲ, ತಿಳಿಯದೆ ಹೋದರೆ ಮುಜುಗರ ಅಂತ. ಹೀಗಾಗಿ ಮೂರು ವರ್ಷ ಇಲ್ಲಿದ್ದರೂ ನಿಮ್ಮ ಕಿವಿಗೆ ಬಿದ್ದ ಕನ್ನಡದ ತಮಾಷೆ ತೀರಾ ಕಡಿಮೆ.

ಈಗ ಮುಂದೇನು ಅನ್ನೋದಕ್ಕೆ ಬರೋಣ.

ನಗು ಬರದಿದ್ದರೂ ನಗಬೇಕಾ ಅಂತ ಕೇಳಿದ್ದೀರಿ. ಸಭೆಯಲ್ಲಿ, ನೆಂಟರ ಮನೆಯಲ್ಲಿ ಒಂದು ಮುಗುಳ್ನಗೆ ಕೊಟ್ಟರೆ ತಪ್ಪೇನೂ ಇಲ್ಲ, ಎಲ್ಲರೂ ಮಾಡುವಂಥದ್ದೇ. ತರಗತಿಯಲ್ಲಿ ಮಾತ್ರ ಬೇಡ ಅನ್ನುತ್ತೇನೆ. ಅಲ್ಲಿ ಸುಮ್ನೆ ನಕ್ಕರೆ ನಿಮಗೆ ತಿಳಿಯಿತು ಅಂತ ಮುಂದಕ್ಕೆ ಹೋಗಿಬಿಡುತ್ತಾರೆ. ಬಿಟ್ಟುಹೋದ ಪದ ಬಿಟ್ಟೇ ಹೋಗುತ್ತದೆ. ಎರಡು ವರ್ಷ ಹೀಗೆ ನಕ್ಕು, ಆಮೇಲೆ ‘ನನಗೆ ಒಂದೂ ಅರ್ಥ ಆಗಿರಲಿಲ್ಲ’ ಅಂತ ಅತ್ತವರನ್ನು ನಾನು ನೋಡಿದ್ದೇನೆ.

‘ಇದರಲ್ಲಿ ನಗೋದು ಎಲ್ಲಿ? ಬಿಡಿಸಿ ಹೇಳಿ’ ಅಂತ ಕೇಳುವುದು ಇನ್ನೊಂದು ದಾರಿ. ಬಿಡಿಸಿದ ಮೇಲೆ ಆ ನಗೆಮಾತು ಸತ್ತೇ ಹೋಗುತ್ತದೆ, ನಿಮಗೆ ಆಗಲೂ ನಗು ಬರೋದಿಲ್ಲ. ಆದರೆ ಪದ ಉಳಿಯುತ್ತದೆ. ‘ಮೇಲೇ’ ಇನ್ನು ನಿಮ್ಮನ್ನು ಬಿಟ್ಟುಹೋಗೋದಿಲ್ಲ, ಅಲ್ವಾ? ಇದನ್ನು ಹತ್ತು ಜನರ ಎದುರು ಕೇಳಬೇಡಿ, ಹೇಳುವವರಿಗೂ ಕಷ್ಟ. ತರಗತಿ ಮುಗಿದ ಮೇಲೆ ಒಬ್ಬರನ್ನು ಹಿಡಿದು, ಹಾಳೆ ಕೈಗೆ ಕೊಟ್ಟು, ಗಟ್ಟಿಯಾಗಿ ಓದಿಸಿ. ಓದುವವರ ಕೈ ನೋಡಿ. ಆ ಬೆರಳು ಎಲ್ಲಿ ಏಳುತ್ತದೋ ಅಲ್ಲೇ ಇರುತ್ತದೆ ಕತೆಯ ಕೀಲು.

ನಿಮ್ಮವರು ಹೇಳಿದ ಸಿನಿಮಾ ದಾರಿ ಅರ್ಧ ಸರಿ. ಕಿವಿ ಚುರುಕಾಗುತ್ತದೆ. ತೊಂದರೆ ಏನಂದರೆ ಮಾತು ತುಂಬಾ ಓಡುತ್ತದೆ, ಜಾಸ್ತಿ ಪಾಲು ಬೆಂಗಳೂರು, ಮೈಸೂರಿನ ಕಡೆಯ ಮಾತು. ನಿಮ್ಮ ಪಕ್ಕದ ಮನೆಯವರ ನಗು ಅದರಲ್ಲಿ ಸಿಗೋದಿಲ್ಲ. ನನ್ನನ್ನು ಕೇಳಿದರೆ ಮಳೆಗಾಲ ಮುಗಿದ ಮೇಲೆ ಒಂದು ಯಕ್ಷಗಾನಕ್ಕೆ ಹೋಗಿ. ಹೊನ್ನಾವರದ ಗುಣವಂತೆಯಲ್ಲಿ 1934ರಲ್ಲಿ ಶುರುವಾದ ಕೆರೆಮನೆ ಮೇಳದಂಥ ಮೇಳಗಳ ಜಿಲ್ಲೆ ಇದು. ಅಲ್ಲಿ ರಾಜ ದೊಡ್ಡ ದೊಡ್ಡ ಪದ ಹಾಕಿ ಗುಡುಗುತ್ತಾನೆ. ದೂತನಾಗಿ ಬಂದ ಹಾಸ್ಯಗಾರ ಊರ ಮಾತಿನಲ್ಲಿ, ಸಣ್ಣ ದನಿಯಲ್ಲಿ ಉತ್ತರ ಕೊಡುತ್ತಾನೆ. ಸಭೆ ನಗೋದು ಸರಿಯಾಗಿ ಆ ಜಾಗದಲ್ಲೇ. ‘ಚಾಲಕನು’ ಮತ್ತು ‘ತಮಾ’ ನಡುವಿನ ದೂರ ಎಷ್ಟು ಅಂತ ಅಲ್ಲಿ ಕೂತರೆ ತಾನಾಗಿ ಗೊತ್ತಾಗುತ್ತದೆ. ಇಡೀ ರಾತ್ರಿ ಕೂರಬೇಕಿಲ್ಲ, ಈಗ ಎರಡು ಮೂರು ಗಂಟೆಯ ಆಟವೂ ಇರುತ್ತದೆ. ಮನೆಯಲ್ಲೇ ಓದುವುದಾದರೆ ಚುಟುಕ ಹಿಡಿಯಿರಿ. ಅಂಕೋಲೆಯ ದಿನಕರ ದೇಸಾಯಿಯವರು ಅದಕ್ಕೆ ಹೆಸರಾದವರು. ನಾಲ್ಕೇ ಸಾಲು, ಸಲೀಸಾದ ಪದ, ಕೊನೆಯ ಸಾಲಿನಲ್ಲಿ ತಿರುವು. ದಿನಕ್ಕೊಂದು ಸಾಕು.

ಕತೆ ಇಷ್ಟವಾಗದಿದ್ದರೆ ಹಾಗಂತ ಹೇಳುವ ದಾರಿಯೂ ಇದೆ. ನಾನು ಇದನ್ನು ನಿಮಗೆ ಮನಸಾರೆ ಹೇಳುತ್ತೇನೆ. ಇದರಲ್ಲೂ ಅಪಾಯ ಇಲ್ಲದೆ ಇಲ್ಲ. ಹೇಳುವ ರೀತಿ ಬಿರುಸಾದರೆ ಇನ್ನೊಮ್ಮೆ ನಿಮ್ಮ ಎದುರು ಯಾರೂ ಬಾಯಿ ಬಿಡೋದಿಲ್ಲ, ನಿಮಗೆ ಬೇಕಾದ ಆಡುಮಾತು ಇನ್ನೂ ದೂರ ಹೋಗುತ್ತದೆ. ಅದಕ್ಕೇ ಮೊದಲು ಕತೆಗೆ ಮಾನ ಕೊಡಿ, ಆಮೇಲೆ ನಿಮ್ಮ ಮಾತು. ‘ಅಜ್ಜಿ ಮಾತು ಚೆನ್ನಾಗಿದೆ. ಆದ್ರೆ ನಮ್ಮ ಮನೇಲಿ ಇಂಥದ್ದೇ ಒಂದು ಆಗಿದೆ, ಅದಕ್ಕೆ ನಂಗೆ ನಗು ಬರಲಿಲ್ಲ.’ ಇಷ್ಟೇ. ಮಾವನ ವಿಷಯ ಪೂರ್ತಿ ಹೇಳಲೇಬೇಕು ಅಂತಿಲ್ಲ. ಹೇಳಬೇಕು ಅನ್ನಿಸಿದ ದಿನ ಹೇಳಿ. ಇಲ್ಲಿಯ ಜನ ಕೇಳುತ್ತಾರೆ. ಈ ತೀರದಲ್ಲಿ ರಸ್ತೆಗೋ ಸಮುದ್ರಕ್ಕೋ ಒಬ್ಬರನ್ನು ಕಳೆದುಕೊಳ್ಳದ ಕೇರಿ ಕಡಿಮೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ನೀವು ಬಸ್ಸಿನಲ್ಲಿ, ಟೆಂಪೋದಲ್ಲಿ ಓಡಾಡುತ್ತೀರಿ. ನಿಜವಾದ ಘಟ್ಟದಲ್ಲಿ, ನಿಜವಾದ ಪುಣ್ಯಾತ್ಮ ಸಿಕ್ಕಿದರೆ ಏನು ಹೇಳಬೇಕು ಅಂತ ನಿಮಗೆ ಗೊತ್ತಿರಲಿ. ನನ್ನ ತರಗತಿಯಲ್ಲಿ ಇದನ್ನು ಬಾಯಿಪಾಠ ಮಾಡಿಸುತ್ತೇನೆ. ‘ಅಣ್ಣಾ, ಸ್ವಲ್ಪ ನಿಧಾನ ಹೋಗಿ, ಅರ್ಜೆಂಟ್ ಇಲ್ಲ.’ ಅದಕ್ಕೂ ಕೇಳದಿದ್ದರೆ, ‘ನಾನು ಇಲ್ಲೇ ಇಳೀತೀನಿ, ನಿಲ್ಲಿಸಿ.’ ನಡುಘಟ್ಟದ ತಿರುವಿನಲ್ಲಿ ಇಳಿಯಬೇಡಿ, ಅದು ಇನ್ನೂ ಅಪಾಯ. ಮನೆ, ಅಂಗಡಿ ಇರುವ ಕಡೆ ಇಳಿಯಿರಿ. ಗಾಡಿ ನಂಬರ್ ನೋಡಿಕೊಂಡು 112ಕ್ಕೆ ಫೋನ್ ಮಾಡಬಹುದು. ‘ನಿಧಾನ’ ಅನ್ನೋ ಪದವನ್ನು ಕನ್ನಡದಲ್ಲಿ ಹೇಳಿದರೆ ಡ್ರೈವರ್ ಒಮ್ಮೆ ಕನ್ನಡಿಯಲ್ಲಿ ನೋಡುತ್ತಾನೆ. ಆಮೇಲೆ ಹಿಂದಿನ ಸೀಟಿನಿಂದ ಇನ್ನೊಬ್ಬರು ‘ಹೌದು ಮಾರಾಯಾ, ನಿಧಾನ’ ಅನ್ನುತ್ತಾರೆ. ಅಲ್ಲಿಯವರೆಗೆ ಅವರೂ ಯಾರಾದರೂ ಮೊದಲು ಹೇಳಲಿ ಅಂತ ಕಾಯುತ್ತಿರುತ್ತಾರೆ. ನನ್ನ ಒಬ್ಬ ವಿದ್ಯಾರ್ಥಿನಿ ಅರಬೈಲ್ ಘಟ್ಟದಲ್ಲಿ ಹೀಗೆ ಹೇಳಿ, ಮನೆಗೆ ಬಂದ ಮೇಲೆ ನನಗೆ ಫೋನ್ ಮಾಡಿದ್ದಳು. ಅವತ್ತು ನನಗೆ ಆದ ಖುಷಿ ಯಾವ ಪರೀಕ್ಷೆಯ ಅಂಕಕ್ಕೂ ಆಗಿಲ್ಲ.

ಆ ಹಾಳೆಯನ್ನು ಹರಿಯಬೇಡಿ. ‘ಅಜ್ಜಿಯು ಹೆದರಿದಳು’ ಅನ್ನೋದನ್ನು ಹೊಡೆದುಹಾಕಿ ‘ಅಜ್ಜಿ ಹೆದರಲಿಲ್ಲ, ಹೆದರಿಸಿದಳು’ ಅಂತ ಬರೆಯಿರಿ. ಉಳಿದದ್ದು ಹಾಗೇ ಇರಲಿ.

ಮತ್ತೆ, ಮುಂದಿನ ಸಲ ತರಗತಿಯಲ್ಲಿ ಕತೆ ಹೇಳುವ ಸರದಿ ನೀವೇ ಕೇಳಿ ಪಡೆಯಿರಿ. ಡ್ರೈವರ್ ಕತೆ ಬೇಡ. ನಿಮ್ಮ ಗುಡ್ಡದ ಊರಿನ ಯಾವುದಾದರೂ ಒಬ್ಬ ಅಜ್ಜಿಯ ಕತೆ ಹೇಳಿ. ಬರೆದುಕೊಂಡು ಹೋಗಿ ಓದಬೇಡಿ, ಬಾಯಲ್ಲೇ ಹೇಳಿ. ಶುರು ಮಾಡುವಾಗ ‘ನಮ್ಮೂರಲ್ಲಿ ಒಬ್ಬ ಅಜ್ಜಿ ಇದ್ದಳು’ ಅನ್ನಬೇಡಿ. ‘ಇದ್ದಳಂತೆ’ ಅನ್ನಿ, ಆಮೇಲೆ ಒಂದು ಗಳಿಗೆ ನಿಲ್ಲಿಸಿ ಎಲ್ಲರ ಮುಖ ನೋಡಿ.